ಕೈಕುಸುರಿಯ ಶುಭಾಶಯ ಪತ್ರ

ಕೈಕುಸುರಿಯ ಶುಭಾಶಯ ಪತ್ರವೆಂದರೆ ದಪ್ಪ ಕಾಗದವನ್ನು ಮಡಿಚಿ, ಅದರ ಮೇಲೆ ಬಣ್ಣದ ಕಾಗದ, ಬೇಗಡೆ, ಚಮಕಿ, ಒಣಗಿದ ಎಲೆ, ದಾರ, ಕಾಗದದ ಸುರುಳಿ ಮುಂತಾದವನ್ನು ಅಂಟಿಸಿ, ಹಬ್ಬಕ್ಕೋ ಹೊಸ ವರ್ಷಕ್ಕೋ ಆಪ್ತರಿಗೆ ಕೊಡಲು ಕೈಯಿಂದಲೇ ಸಿದ್ಧಪಡಿಸುವ ಪತ್ರ. ಮಡಿಚಿದ ಕಾರ್ಡಿನ ಆಕಾರ ಕರ್ನಾಟಕಕ್ಕೆ ಬಂದದ್ದು ಇಂಗ್ಲೆಂಡಿನಿಂದ, ಅಂಚೆಯ ಜೊತೆಗೆ. ಆದರೆ ಕಾಗದವನ್ನು ಸಿಂಗರಿಸುವ ಅಭ್ಯಾಸ ಇಲ್ಲಿ ಅದಕ್ಕಿಂತ ಬಹಳ ಹಳೆಯದು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ, ಅಂದರೆ ಇಂದಿನ ರಾಯಚೂರು, ಮಾನ್ವಿ, ದೇವದುರ್ಗ, ಗಬ್ಬೂರು ಸೀಮೆಯಲ್ಲಿ, ಈ ಎರಡೂ ಧಾರೆಗಳು ಕೂಡಿದ ಬಗೆಯನ್ನು ಚೆನ್ನಾಗಿ ಕಾಣಬಹುದು.

ಈ ಸೀಮೆ ಬಹುಕಾಲ ವಿಜಾಪುರದ ಆದಿಲಶಾಹಿಗಳ ಆಳ್ವಿಕೆಯಲ್ಲಿತ್ತು. ಎರಡನೆಯ ಇಬ್ರಾಹಿಂ ಆದಿಲಶಾಹನ (ಆಳ್ವಿಕೆ 1580–1627) ಕಾಲದಿಂದ ಮುಂದೆ ದಖ್ಖನಿನಲ್ಲಿ ಅಬ್ರಿ ಕಾಗದದ ಕಲೆ ಉನ್ನತಿಗೇರಿತು. ತಟ್ಟೆಯಲ್ಲಿ ಮೆಂತ್ಯದಂಥ ಲೋಳೆ ಬಿಡುವ ಪದಾರ್ಥ ಬೆರೆಸಿದ ನೀರಿಟ್ಟು, ಅದರ ಮೇಲೆ ಬಣ್ಣ ತೇಲಿಸಿ, ಕಡ್ಡಿಯಿಂದ ಕದಡಿ, ಕಾಗದವನ್ನು ಮೆಲ್ಲಗೆ ಹಾಸಿ ಎತ್ತುವುದು ಅದರ ವಿಧಾನ. ಬೇರೆ ನಾಡುಗಳಲ್ಲಿ ಇಂಥ ಕಾಗದ ಹೆಚ್ಚಾಗಿ ಪುಸ್ತಕದ ಹೊದಿಕೆಗೂ ಅಂಚುಪಟ್ಟಿಗೂ ಬಳಕೆಯಾಗುತ್ತಿತ್ತು. ದಖ್ಖನಿನ ಕಲಾವಿದರು ಕಾಗದದ ಕೆಲವು ಭಾಗಗಳನ್ನು ಮುಚ್ಚಿಟ್ಟು, ಉಳಿದ ಭಾಗಕ್ಕೆ ಮಾತ್ರ ಬಣ್ಣ ಹಿಡಿಸಿ, ಅಬ್ರಿಯಿಂದಲೇ ಕುದುರೆ, ಮನುಷ್ಯರ ಆಕೃತಿಗಳನ್ನು ಮೂಡಿಸಿದರು. ಬಡಕಲು ಕುದುರೆಯೇರಿದ ಸಾಧುವಿನ ಇಂಥ ಒಂದು ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಎಣ್ಣೆಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿ ಬಕೆಟ್ ನೀರಿನಲ್ಲಿ ತೇಲಿಸಿ ಕಾರ್ಡ್ ಮಾಡುವ ಇಂದಿನ ಶಾಲಾಮಕ್ಕಳ ಕೈಯಲ್ಲೂ ಇರುವುದು ಇದೇ ತತ್ತ್ವ. ಅದು ವಿಜಾಪುರದಿಂದ ಇಳಿದು ಬಂದದ್ದಲ್ಲ, ಪಠ್ಯೇತರ ಚಟುವಟಿಕೆಯಾಗಿ ಹೊರಗಿನಿಂದ ಬಂದದ್ದು. ನೆಲದ ವಿದ್ಯೆ ಹೀಗೆ ಸುತ್ತುಬಳಸಿ ಮನೆಗೆ ಬರುವುದುಂಟು.

ಅರಸರ ನಡುವಿನ ಪತ್ರಗಳೂ ಅಲಂಕೃತವಾಗಿಯೇ ಇರುತ್ತಿದ್ದವು. ಬಂಗಾರದ ಪುಡಿ ಚಿಮುಕಿಸಿದ ಕಾಗದದಲ್ಲಿ ಬರೆದು, ಕಿಂಕಾಪಿನ ಚೀಲದಲ್ಲಿಟ್ಟು, ಅರಗಿನ ಮುದ್ರೆ ಕಟ್ಟಿ ಕಳಿಸುವ ಖರೀತಾ ಪದ್ಧತಿ ಹೈದರಾಬಾದು, ಮೈಸೂರು ಮೊದಲಾದ ಸಂಸ್ಥಾನಗಳಲ್ಲಿ ಬ್ರಿಟಿಷರ ಕಾಲದಲ್ಲೂ ನಡೆದಿತ್ತು. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸಿಗುವ ಸುರಪುರದಲ್ಲಿ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಶೈಲಿಯೂ ಚಿನ್ನದ ರೇಕಿನ ಕೆಲಸಕ್ಕೆ ಹೆಸರಾಗಿತ್ತು. ಅತ್ತ ಮೈಸೂರಿನಲ್ಲಿ ಕಾಗದದ ಮೇಲೆ ಉಬ್ಬುಕೆಲಸ ಮಾಡಿ ಅದಕ್ಕೆ ಚಿನ್ನದ ರೇಕು ಹಚ್ಚುವ ಸಾಂಪ್ರದಾಯಿಕ ಚಿತ್ರಕಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಏಳಿಗೆಗೆ ಬಂತು.

ಅರಮನೆಯ ಕಾಗದಕ್ಕಿಂತ ಜನರ ಕಾಗದವೇ ಈ ಕಥೆಗೆ ಮುಖ್ಯ. ಲಗ್ನಪತ್ರದ ನಾಲ್ಕೂ ಮೂಲೆಗೆ ಅರಿಸಿನ, ಕುಂಕುಮ ಹಚ್ಚುವುದು ಇಂದಿಗೂ ತಪ್ಪಿಲ್ಲ. ಓದು ಬಾರದವರಿಗೂ ಮೂಲೆಯ ಬಣ್ಣ ನೋಡಿದೊಡನೆ ಇದು ಶುಭದ ಕಾಗದವೆಂದು ತಿಳಿಯುತ್ತಿತ್ತು. ಸಾವಿನ ಸುದ್ದಿಯ ಕಾಗದದ ಮೂಲೆ ಕಪ್ಪಾಗಿರುತ್ತಿತ್ತು ಇಲ್ಲವೆ ಹರಿದಿರುತ್ತಿತ್ತು. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗದಲ್ಲಿ ಬೆಂಡು, ಬೇಗಡೆ, ಮಣಿಗಳ ಕೆಲಸವಿದೆ. ಮೊಹರಂ ಹೊತ್ತಿಗೆ ಬಿದಿರು ಕಡ್ಡಿಯ ಚೌಕಟ್ಟಿಗೆ ಬಣ್ಣದ ಕಾಗದ ಕತ್ತರಿಸಿ ಹಚ್ಚಿ, ಮಿರುಗುವ ಬೇಗಡೆಯಿಂದ ಗೋಪುರ, ಕಮಾನುಗಳನ್ನು ರೂಪಿಸಿ ತಾಬೂತು ಕಟ್ಟುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಾಡಿಗೇ ಪ್ರಸಿದ್ಧ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಅಲಾಯಿ ಹಬ್ಬ, ಅಂದರೆ ಮೊಹರಂ, ಮಾಡುವುದರಿಂದ ಕಾಗದ ಕತ್ತರಿಸುವ ಕೈಚಳಕ ಒಂದೇ ಕೋಮಿನ ಸೊತ್ತಾಗಿ ಉಳಿಯಲಿಲ್ಲ. ಕಾಗದವನ್ನು ಎಂಟು ಮಡಿಕೆ ಮಡಿಚಿ, ಅಂಚಿನಲ್ಲಿ ಅರ್ಧಚಂದ್ರ, ಮೂಲೆಯಲ್ಲಿ ತ್ರಿಕೋನ ಕತ್ತರಿಸಿ ಬಿಡಿಸಿದರೆ ಜಾಲರಿಹೂ ಅರಳುತ್ತದೆ ಎಂಬುದನ್ನು ಮಕ್ಕಳು ಕಲಿಯುವುದು ಜಾತ್ರೆಯ ತೋರಣದಿಂದ, ತಾಬೂತಿನಿಂದ, ಗಣಪತಿಯ ಮಂಟಪದಿಂದ. ಮುಂದೆ ಕಾರ್ಡಿನ ಮೇಲೆ ಬಂದು ಕೂತದ್ದೂ ಅದೇ ಹೂ.

ಕಾರ್ಡಿನ ಚರಿತ್ರೆ ಬೇರೆ ಕಡೆ ಆರಂಭವಾಗುತ್ತದೆ. 1840ರಲ್ಲಿ ಬ್ರಿಟನ್ನಿನಲ್ಲಿ ಪೆನ್ನಿ ಅಂಚೆ ಜಾರಿಗೆ ಬಂದು ಪತ್ರ ಕಳಿಸುವ ಖರ್ಚು ಇಳಿಯಿತು. 1843ರಲ್ಲಿ ಹೆನ್ರಿ ಕೋಲ್ ಎಂಬವನು ಚಿತ್ರಕಾರ ಜಾನ್ ಕಾಲ್ಕಾಟ್ ಹಾರ್ಸ್ಲಿಯಿಂದ ಕ್ರಿಸ್‌ಮಸ್ ಕಾರ್ಡ್ ಬರೆಸಿ, ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದ. ಕಲ್ಲಚ್ಚಿನಲ್ಲಿ ಮುದ್ರಿಸಿ ಬಣ್ಣವನ್ನು ಕೈಯಿಂದ ತುಂಬಿಸಿದ್ದರಿಂದ, ಮೊದಲ ಮುದ್ರಿತ ಕ್ರಿಸ್‌ಮಸ್ ಕಾರ್ಡೂ ಅರ್ಧ ಕೈಕೆಲಸವೇ. ಅದೇ ವರ್ಷದ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಷನ್ನಿನವರು ಕಲ್ಲಚ್ಚಿನಲ್ಲೇ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದಿದ್ದರು.

ಕಾಗದದ ಕುಸುರಿಗೆ ದೊಡ್ಡ ಮಾರುಕಟ್ಟೆ ತಂದದ್ದು ಪ್ರೇಮಪತ್ರಗಳು. ಕಸೂತಿಯ ಜಾಲರಿಯಂತೆ ಕಾಣುವ ಉಬ್ಬಚ್ಚಿನ ಕಾಗದ ಇಂಗ್ಲೆಂಡಿನಲ್ಲಿ ತಯಾರಾಗುತ್ತಿತ್ತು. ಅಮೆರಿಕದ ವುಸ್ಟರ್ ಪಟ್ಟಣದ ಎಸ್ತರ್ ಹೌಲೆಂಡ್ 1840ರ ದಶಕದ ಕೊನೆಯಲ್ಲಿ ಅಂಥ ಕಾಗದ, ಬಣ್ಣದ ಹೂಚಿತ್ರಗಳನ್ನು ತರಿಸಿಕೊಂಡು, ಹೆಂಗಸರನ್ನು ಮೇಜಿನ ಸುತ್ತ ಕೂರಿಸಿ, ಒಬ್ಬರು ಕತ್ತರಿಸುವುದು, ಮತ್ತೊಬ್ಬರು ಅಂಟಿಸುವುದು ಎಂದು ಕೆಲಸ ಹಂಚಿ ವ್ಯಾಪಾರ ಬೆಳೆಸಿದಳು. ಅದಕ್ಕೂ ಹಿಂದೆ ಯುರೋಪಿನ ಕ್ರೈಸ್ತ ಸನ್ಯಾಸಿನಿಯರು ಅಂಚಿಗೆ ಚಿನ್ನದ ಬಣ್ಣವಿದ್ದ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ದೇವರ ಪಟಗಳನ್ನು ಅಲಂಕರಿಸುತ್ತಿದ್ದರು. ಇಂದು ಕ್ವಿಲ್ಲಿಂಗ್ ಎಂದು ಕರೆಯುವುದು ಇದನ್ನೇ.

ಎಡೆದೊರೆ ನಾಡಿಗೆ ಹೊಸ ಪತ್ರಸಂಸ್ಕೃತಿ ತಂದದ್ದು ರೈಲು. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1879ರ ಜುಲೈ 1ರಂದು ಭಾರತದಲ್ಲಿ ಕಾಲಾಣೆಯ ಅಂಚೆಕಾರ್ಡು ಬಂತು. ರಾಯಚೂರು ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಸಂಸ್ಥಾನಕ್ಕೆ ತನ್ನದೇ ಅಂಚೆ ವ್ಯವಸ್ಥೆಯಿತ್ತು, 1869ರಿಂದ ತನ್ನದೇ ಅಂಚೆಚೀಟಿಯೂ ಇತ್ತು. ಆ ಚೀಟಿ ಸಂಸ್ಥಾನದ ಒಳಗೆ ಮಾತ್ರ ನಡೆಯುತ್ತಿತ್ತು. ಹೊರಗಿನ ಊರಿಗೆ ಕಳಿಸಲು ಬ್ರಿಟಿಷ್ ಇಂಡಿಯಾದ ಚೀಟಿ ಬೇಕಿತ್ತು.

ಆಡಳಿತ ಮತ್ತು ಶಿಕ್ಷಣದ ಭಾಷೆ ಉರ್ದುವಾಗಿದ್ದ ಈ ಸಂಸ್ಥಾನದ ಓದುಬಲ್ಲ ಕುಟುಂಬಗಳಿಗೆ ಪರಿಚಿತವಾದ ಮೊದಲ ಹಬ್ಬದ ಕಾರ್ಡು ಬಹುಮಟ್ಟಿಗೆ ಈದ್ ಕಾರ್ಡೇ ಎನ್ನಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಾಹೋರ್ ಮುಂತಾದ ಪಟ್ಟಣಗಳ ಮುದ್ರಕರು ಈದ್ ಕಾರ್ಡುಗಳನ್ನು ಹೊರತರುತ್ತಿದ್ದರು. ಯುರೋಪಿನಿಂದ ಬಂದ ಚಿತ್ರದ ಕಾರ್ಡಿನ ಮೇಲೆ ಉರ್ದು ಸಾಲು ಸೇರಿಸಿ ಕಳಿಸುವುದೂ ಇತ್ತು. ಹಿಮದ ಚಿತ್ರದ ಮೇಲೆ ಈದ್ ಮುಬಾರಕ್ ಬರೆದರೆ ಬಿಸಿಲಿನ ರಾಯಚೂರಿನಲ್ಲಿ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಉತ್ತರ ಕರ್ನಾಟಕದ ಕನ್ನಡಿಗರ ಶುಭಾಶಯ ಪತ್ರಕ್ಕೆ ಸ್ವಂತದ ರೂಪ ಕೊಟ್ಟದ್ದು ದಸರೆ ಮತ್ತು ಸಂಕ್ರಾಂತಿ. ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎನ್ನುವುದು, ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡುವುದು ಮುಖಾಮುಖಿ ನಡೆಯಬೇಕಾದ ಆಚಾರ. ನೌಕರಿ, ಓದು, ಮದುವೆಯ ನಿಮಿತ್ತ ದೂರ ಹೋದವರಿಗೆ ಇದನ್ನು ಮುಟ್ಟಿಸುವುದು ಹೇಗೆ? ಬನ್ನಿ ಎಲೆಯನ್ನು, ಕುಸುರೆಳ್ಳಿನ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುವ ರೂಢಿ ಹೀಗೆ ಹುಟ್ಟಿತು. ಎಳ್ಳಿಗೆ ಸಕ್ಕರೆ ಪಾಕ ಹನಿಹನಿಯಾಗಿ ಬಿಟ್ಟು ಮುಳ್ಳು ಮುಳ್ಳಾಗಿ ಕಟ್ಟಿಸಿದ ಕುಸುರೆಳ್ಳು ಅಂಚೆಯ ಮುದ್ರೆಯ ಏಟಿಗೆ ಪುಡಿಯಾಗುವ ಪದಾರ್ಥ. ಹಾಗಾಗಿ ಅದನ್ನು ತೆಳು ಕಾಗದದ ಪೊಟ್ಟಣ ಮಾಡಿ ಕಾರ್ಡಿನ ಒಳಮೈಗೆ ಅಂಟಿಸುವುದೇ ಲೇಸು. ಮಹಾರಾಷ್ಟ್ರದ ತಿಳಗುಳ (ಎಳ್ಳುಬೆಲ್ಲ) ಕಾರ್ಡುಗಳಲ್ಲೂ ಇದೇ ಪದ್ಧತಿ. ಇಲ್ಲಿ ಅಲಂಕಾರವೆನ್ನುವುದು ಬರೀ ಚಂದಕ್ಕಲ್ಲ. ಅಂಟಿಸಿದ ವಸ್ತುವೇ ಹಬ್ಬ, ಕಾರ್ಡು ಅದನ್ನು ಹೊತ್ತು ಹೋಗುವ ಹೊದಿಕೆ. ಜನವರಿ ಒಂದರಿಂದ ಸಂಕ್ರಮಣದವರೆಗಿನ ಎರಡು ವಾರ ಈ ಭಾಗದಲ್ಲಿ ಕಾರ್ಡಿನ ಸುಗ್ಗಿಯಾದದ್ದೂ ಇದರಿಂದಲೇ.

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಮುಂದಿನ ದಶಕಗಳಲ್ಲಿ ಕನ್ನಡ ಶಾಲೆಗಳು ಹಳ್ಳಿಹಳ್ಳಿಗೆ ಬಂದಂತೆ ಕಾರ್ಡು ಮಾಡುವವರು ಮಕ್ಕಳಾದರು. 1962ರಿಂದ ಸೆಪ್ಟೆಂಬರ್ 5 ಶಿಕ್ಷಕರ ದಿನವಾಗಿ, ಮಕ್ಕಳಿಗೆ ಕಾರ್ಡು ಕೊಡಲು ಇನ್ನೊಂದು ನೆಪ ಸಿಕ್ಕಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಕೈಕೆಲಸಕ್ಕೆ ಎಡೆಯಿದ್ದ ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಶಾಲೆಯ ವೇಳಾಪಟ್ಟಿಗೆ ಶಿಫಾರಸು ಮಾಡಿತು. ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಸಿನಿಮಾ ನಟರ, ಗುಲಾಬಿಯ, ಸೂರ್ಯಾಸ್ತದ ಅಚ್ಚಿನ ಕಾರ್ಡುಗಳು ತೂಗುತ್ತಿದ್ದವು. ಗುಡಿ, ಶಾಸನಗಳಿಗೆ ಹೆಸರಾದ ಗಬ್ಬೂರಿನಂಥ ಊರಿನ ಮಕ್ಕಳು ಅವನ್ನು ಕೊಳ್ಳಲು ಪೇಟೆಗೆ ಹೋಗಬೇಕಿತ್ತು, ಕೈಯಲ್ಲಿ ಕಾಸೂ ಬೇಕಿತ್ತು. ಮನೆಯಲ್ಲೇ ಮಾಡುವುದಕ್ಕೆ ಇದ್ದ ಮೊದಲ ಕಾರಣ ಕಲೆಯಲ್ಲ, ಮಿತವ್ಯಯ.

ಸಾಮಗ್ರಿಯೂ ಹಾಗೆಯೇ ಒದಗುತ್ತಿತ್ತು. ಹಳೆಯ ಲಗ್ನಪತ್ರಿಕೆಯ ಗಣಪತಿ, ಕ್ಯಾಲೆಂಡರಿನ ಹೂಬಳ್ಳಿ ಕತ್ತರಿಗೆ ಸಿಕ್ಕುತ್ತಿದ್ದವು. ಸಿಗರೇಟ್ ಪ್ಯಾಕಿನ ಬೆಳ್ಳಿಹಾಳೆಯನ್ನು ಉಗುರಿನಿಂದ ಉಜ್ಜಿ ಸುಕ್ಕು ತೆಗೆದರೆ ಬೇಗಡೆ. ಸೀರೆಯಿಂದ ಉದುರಿದ ಚಮಕಿಯೇ ನಕ್ಷತ್ರ. ಅಂಟಿಗೆ ಮೈದಾ ಗಂಜಿ, ಇಲ್ಲವೆ ಈ ಸೀಮೆಯ ಬದುಗಳಲ್ಲಿ ಧಾರಾಳವಾಗಿರುವ ಜಾಲಿಮರದ ಅಂಟು ನೀರಿನಲ್ಲಿ ನೆನೆಸಿದ್ದು. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್ ಹಳ್ಳಿಯ ಮನೆಗಳನ್ನು ತಲುಪಿದ್ದು ನಿಧಾನವಾಗಿ. ಗಂಜಿಯ ತೊಂದರೆಯೆಂದರೆ ಕಾಗದ ಸೊಟ್ಟಗಾಗುವುದು, ಜಿರಲೆಗೆ ರುಚಿಸುವುದು.

ಅಲಂಕಾರಗಳಲ್ಲಿ ಅತಿ ನಾಜೂಕಿನದು ಅರಳಿ ಎಲೆಯ ಜಾಲರಿ. ಬಲಿತ ಅರಳಿ ಎಲೆಯನ್ನು ಎರಡರಿಂದ ನಾಲ್ಕು ವಾರ ನೀರಿನಲ್ಲಿ ನೆನೆಹಾಕುತ್ತಾರೆ. ಹಸಿರು ಭಾಗ ಕೊಳೆತು ಮೆತ್ತಗಾದ ಮೇಲೆ ಎಲೆಯನ್ನು ನೀರಿನಿಂದ ಎತ್ತದೆ, ಮೆದು ಕುಂಚದಿಂದಲೋ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೋ ನಡುನರದಿಂದ ಅಂಚಿನ ಕಡೆಗೆ ಸವರುತ್ತಾರೆ. ಅಡ್ಡಡ್ಡ ಉಜ್ಜಿದರೆ ನರ ಹರಿಯುತ್ತದೆ. ಉಳಿದ ಜಾಲರಿಯನ್ನು ಪುಸ್ತಕದ ಹಾಳೆಗಳ ನಡುವೆ ಒಣಗಿಸಿ, ಬಣ್ಣ ಹಚ್ಚಿ, ತೊಟ್ಟಿನ ಬಳಿ ಮಾತ್ರ ಅಂಟು ತಾಗಿಸಿ ಕಾರ್ಡಿಗೆ ಕೂರಿಸಬೇಕು. ಮೈಗೆಲ್ಲ ಅಂಟು ಬಳಿದರೆ ಜಾಲರಿಯ ಕಣ್ಣು ಮುಚ್ಚಿ ಕೆಲಸ ಕೆಡುತ್ತದೆ. ಶಾಯಿಯಲ್ಲಿ ಅದ್ದಿದ ದಾರವನ್ನು ಮಡಿಚಿದ ಹಾಳೆಯೊಳಗಿಟ್ಟು ಎಳೆಯುವುದು, ಬೆಂಡೆಕಾಯಿಯ ಅಚ್ಚು, ಎಲೆಯಿಟ್ಟು ಸುತ್ತ ಬಣ್ಣ ಚಿಮ್ಮಿಸುವುದು ಇವು ಸುಲಭದ ವಿಧಾನಗಳು.

ಸುರುಳಿ ಕೆಲಸ, ಅಂದರೆ ಕ್ವಿಲ್ಲಿಂಗ್, ಕರ್ನಾಟಕದಲ್ಲಿ ವ್ಯಾಪಕವಾದದ್ದು ಈಚಿನ ಎರಡು ದಶಕಗಳಲ್ಲಿ. ಮೂರು ಅಥವಾ ಐದು ಮಿಲಿಮೀಟರ್ ಅಗಲದ ಪಟ್ಟಿಯನ್ನು ಸೀಳುತುದಿಯ ಕಡ್ಡಿಗೆ ಸಿಕ್ಕಿಸಿ ಬಿಗಿಯಾಗಿ ಸುತ್ತಿ, ಬಿಟ್ಟು ಸಡಿಲಗೊಳಿಸಿ, ತುದಿಯನ್ನು ಅಂಟಿಸುತ್ತಾರೆ. ಒಂದು ಕಡೆ ಚಿವುಟಿದರೆ ಹನಿಯ ಆಕಾರ, ಎರಡು ಕಡೆ ಚಿವುಟಿದರೆ ಎಲೆ. ಕಾರ್ಡಿನ ತಳಹಾಳೆಗೆ ಸಾಮಾನ್ಯವಾಗಿ ಪ್ರತಿ ಚದರ ಮೀಟರಿಗೆ 200ರಿಂದ 300 ಗ್ರಾಂ ತೂಗುವ ಕಾಗದ ಬಳಕೆಯಲ್ಲಿದೆ. ಕಾಗದದ ನಾರು ಹರಿದ ದಿಕ್ಕಿಗೆ, ಮೊದಲು ಶಾಯಿ ಮುಗಿದ ಪೆನ್ನಿನಿಂದ ಗೆರೆ ಒತ್ತಿ ಮಡಿಚಿದರೆ ಮಡಿಕೆ ಬಿರಿಯುವುದಿಲ್ಲ.

ಕಾರ್ಡಿನ ವ್ಯಾಪಾರ ದೇಶಮಟ್ಟದಲ್ಲಿ ಬೆಳೆದದ್ದು 1979ರ ನಂತರ. ದೆಹಲಿಯ ಆರ್ಚೀಸ್ ಕಂಪನಿ, ಕಾರ್ಡು ಮಾರಿ ಮಕ್ಕಳ ಹಕ್ಕಿನ ಕೆಲಸಕ್ಕೆ ಹಣ ಕೂಡಿಸಿದ ಕ್ರೈ ಸಂಸ್ಥೆ, ಎರಡೂ ಆರಂಭವಾದದ್ದು ಅದೇ ವರ್ಷ. ಯುನಿಸೆಫ್ 1949ರಲ್ಲೇ ಈ ದಾರಿ ಹಿಡಿದಿತ್ತು. ಅದರ ಮೊದಲ ಕಾರ್ಡಿನ ಚಿತ್ರ ಏಳು ವರ್ಷದ ಜೆಕ್ ಬಾಲಕಿಯದು. 2000ದ ನಂತರ ಮೊಬೈಲ್ ಸಂದೇಶ, ಆಮೇಲೆ ವಾಟ್ಸ್‌ಆ್ಯಪ್ ಬಂದು ಅಚ್ಚಿನ ಕಾರ್ಡಿನ ಕಾಲ ಮುಗಿಯಿತು. ಹಬ್ಬದ ಶುಭಾಶಯಕ್ಕೆ ಸಂಖ್ಯೆ ಗೊತ್ತುಮಾಡಿದ ಸಿದ್ಧ ವಾಕ್ಯಗಳಿದ್ದ ತಂತಿಸೇವೆಯೂ 2013ರ ಜುಲೈನಲ್ಲಿ ನಿಂತಿತು. ಅಚ್ಚಿನ ಕಾರ್ಡು ಬಿದ್ದಷ್ಟು ಕೈಯ ಕಾರ್ಡು ಬೀಳಲಿಲ್ಲ. ಪುಕ್ಕಟೆಯಾಗಿ ಸಿಗುವ ಸಂದೇಶದ ಮುಂದೆ ಕೊಂಡ ಕಾರ್ಡಿಗೆ ಬೆಲೆ ಉಳಿಯಲಿಲ್ಲ, ಆದರೆ ಮಾಡಿದ ಕಾರ್ಡಿನಲ್ಲಿ ಮಾಡಿದವರ ಹೊತ್ತು ಕಾಣುತ್ತದೆ.

ಈಗ ಇಂಥ ಪತ್ರ ಹೆಚ್ಚಾಗಿ ಸಿದ್ಧವಾಗುವುದು ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ, ಮನೆಯಿಂದಲೇ ಮಾರುವ ಹೆಣ್ಣುಮಕ್ಕಳ ಕೈಯಲ್ಲಿ. ಉಬ್ಬಿದ ಸುರುಳಿ, ಎಲೆ, ಮಣಿಗಳು ಸಾದಾ ಲಕೋಟೆಯಲ್ಲಿ ಅಂಚೆಯ ಮುದ್ರೆಗೂ ಚೀಲದ ಒತ್ತಡಕ್ಕೂ ತಾಳುವುದಿಲ್ಲ. ಆದ್ದರಿಂದ ದೂರಕ್ಕೆ ಕಳಿಸುವವರು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪಾರ್ಸೆಲ್ ಮಾಡುತ್ತಾರೆ. ಉಳಿದವು ಕೈಯಿಂದ ಕೈಗೇ ಹೋಗುತ್ತವೆ.