ಸೆಲ್ಫ್ ಒತ್ತಿದ್ರೂ ಬೈಕ್ ಸ್ಟಾರ್ಟ್ ಆಗ್ತಿಲ್ವಾ? ಹೊಸ ಬ್ಯಾಟರಿ ಹಾಕಿಸೋ ಮುಂಚೆ ಇಷ್ಟು ನೋಡಿ

ಮಳೆಗಾಲದ ಬೆಳಗ್ಗೆ ಕೆಲಸಕ್ಕೆ ಹೊರಟವರಿಗೆ ಬೈಕ್ ಕೈಕೊಟ್ಟರೆ ಆ ದಿನದ ಕೂಲಿಯೇ ಹೋಯ್ತು. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಮಾಡೋ ಕೆಲಸ ಹೊಸ ಬ್ಯಾಟರಿ ಹಾಕಿಸೋದು. ಆದರೆ ತಪ್ಪು ಬೇರೆ ಕಡೆ ಇದ್ದರೆ ಹೊಸ ಬ್ಯಾಟರಿಯೂ ಕೆಲವೇ ದಿನದಲ್ಲಿ ಡೌನ್ ಆಗುತ್ತೆ, ದುಡ್ಡು ದಂಡ. ಸೆಲ್ಫ್ ಬಟನ್ ಒತ್ತಿದಾಗ ಬೈಕ್ ಯಾವ ಸದ್ದು ಮಾಡುತ್ತೆ ಅಂತ ಗಮನಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಮೊದಲು ಇವನ್ನು ನೋಡಿ

ಕಿಲ್ ಸ್ವಿಚ್ ಆಫ್ ಆಗಿದೆಯಾ? ಗಾಡಿ ತೊಳೆಯುವಾಗ, ಮಕ್ಕಳು ಆಡುವಾಗ ಇದು ಎಷ್ಟೋ ಸಲ ಆಫ್ ಆಗಿರುತ್ತೆ. ನ್ಯೂಟ್ರಲ್ ಲೈಟ್ ಉರೀತಿದೆಯಾ? ಸೈಡ್ ಸ್ಟ್ಯಾಂಡ್ ಮೇಲಿದೆಯಾ? ಈಗಿನ ಹಲವು ಬೈಕ್‌ಗಳು ಸ್ಟ್ಯಾಂಡ್ ಇಳಿದಿದ್ದು ಗೇರ್‌ನಲ್ಲಿದ್ದರೆ ಸ್ಟಾರ್ಟ್ ಆಗಲ್ಲ. ಕ್ಲಚ್ ಪೂರ್ತಿ ಹಿಡಿದು ಇನ್ನೊಮ್ಮೆ ಒತ್ತಿ ನೋಡಿ.

ಕೀ ತಿರುಗಿಸಿದ್ರೂ ಒಂದು ಲೈಟೂ ಇಲ್ಲ

ಮೀಟರ್, ಹಾರ್ನ್, ಇಂಡಿಕೇಟರ್ ಎಲ್ಲವೂ ಬಂದ್ ಆಗಿದ್ದರೆ ಮುಖ್ಯ ಫ್ಯೂಸ್ ಸುಟ್ಟಿರಬಹುದು ಅಥವಾ ಬ್ಯಾಟರಿ ಟರ್ಮಿನಲ್ ಬಿಟ್ಟಿರಬಹುದು. ಫ್ಯೂಸ್ ಸಾಮಾನ್ಯವಾಗಿ ಬ್ಯಾಟರಿ ಹತ್ತಿರ, ಸೀಟಿನ ಕೆಳಗೆ ಅಥವಾ ಸೈಡ್ ಕವರ್ ಒಳಗೆ ಇರುತ್ತೆ. ಎಷ್ಟು ಆಂಪಿಯರ್‌ನದು ಇತ್ತೋ ಅಷ್ಟರದ್ದನ್ನೇ ಹಾಕಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತಿದರೆ ವೈರಿಂಗೇ ಸುಟ್ಟು ಹೋಗಬಹುದು. ಹೊಸ ಫ್ಯೂಸ್ ಕೂಡ ತಕ್ಷಣ ಹೋದರೆ ಎಲ್ಲೋ ಶಾರ್ಟ್ ಆಗ್ತಿದೆ ಅಂತಲೇ ಅರ್ಥ. ಗ್ಯಾರೇಜಿಗೆ ಒಯ್ಯಿರಿ.

ಟಕ್ ಟಕ್ ಟಕ್ ಅಂತ ಸದ್ದು, ಲೈಟ್ ಮಂಕು

ಇದು ಬ್ಯಾಟರಿ ಡೌನ್ ಆದ ಲಕ್ಷಣ. ಆದರೂ ಮೊದಲು ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ನಟ್ ಸಡಿಲ ಆಗಿದ್ದರೆ ಒಳ್ಳೆ ಬ್ಯಾಟರಿಯೂ ಹೀಗೇ ಆಡುತ್ತೆ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೊದಲು ಪ್ಲಸ್. ಉಜ್ಜಿ ಸ್ವಚ್ಛ ಮಾಡಿ, ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಮೈನಸ್ ವೈರ್ ಚಾಸಿಗೆ ಸೇರೋ ಜಾಗದಲ್ಲಿ ತುಕ್ಕು ಹಿಡಿದಿದೆಯಾ ಅದನ್ನೂ ನೋಡಿ.

ಒಂದೇ ಸಲ 'ಟಕ್', ಲೈಟ್ ಚೆನ್ನಾಗಿದೆ

ಸೆಲ್ಫ್ ಒತ್ತುವಾಗ ಹೆಡ್‌ಲೈಟ್ ಗಮನಿಸಿ. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿ ಅಥವಾ ಟರ್ಮಿನಲ್ ದೋಷ. ಬೆಳಕು ಹಾಗೇ ಇದ್ದು ಬರೀ ಟಕ್ ಅಂದರೆ ಸ್ಟಾರ್ಟರ್ ರಿಲೇ ಅಥವಾ ಮೋಟರ್‌ನ ಕಾರ್ಬನ್ ಬ್ರಷ್ ಸವೆದಿರಬಹುದು. ಸದ್ದೇ ಇಲ್ಲ ಅಂದರೆ ಸೆಲ್ಫ್ ಬಟನ್ ಅಥವಾ ಕ್ಲಚ್ ಸ್ವಿಚ್ ಮೇಲೆ ಅನುಮಾನ ಪಡಿ. ಮಳೆನೀರು ಹೋಗಿ ಬಟನ್ ಒಳಗೆ ತುಕ್ಕು ಕಟ್ಟೋದು ಮಾಮೂಲಿ.

ಇಂಜಿನ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ

ಹಾಗಾದರೆ ಬ್ಯಾಟರಿ, ಮೋಟರ್ ಬಹುಶಃ ಸರಿ ಇವೆ. ಪೆಟ್ರೋಲ್ ಇದೆಯಾ ನೋಡಿ. ಮಳೆಯಲ್ಲಿ ನೆನೆದಿದ್ದರೆ ಪ್ಲಗ್ ಕ್ಯಾಪ್ ಬಿಚ್ಚಿ ಒಣಬಟ್ಟೆಯಿಂದ ಒರೆಸಿ, ಪ್ಲಗ್ ಕಪ್ಪಾಗಿದ್ದರೆ ಸ್ವಚ್ಛ ಮಾಡಿ. ಪೆಟ್ರೋಲ್ ವಾಸನೆ ಇರೋ ಕಡೆ ಕಿಡಿ ಪರೀಕ್ಷೆ ಮಾಡೋದು ಅಪಾಯ, ಅದನ್ನು ಮೆಕ್ಯಾನಿಕ್‌ಗೇ ಬಿಡಿ.

2020ರ ಏಪ್ರಿಲ್ 1ರಿಂದ ಬಿಎಸ್6 ಜಾರಿಗೆ ಬಂದ ಮೇಲೆ ಬಹುತೇಕ ಬೈಕ್‌ಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ. ಇವುಗಳಲ್ಲಿ ಕೀ ಆನ್ ಮಾಡಿದ ತಕ್ಷಣ ಟ್ಯಾಂಕ್ ಕಡೆಯಿಂದ ಎರಡು ಮೂರು ಸೆಕೆಂಡ್ ಪಂಪ್ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ಕಿಲ್ ಸ್ವಿಚ್ ನೋಡಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪ್ ಓಡಲ್ಲ. ಹಾಗಾಗಿ ಹಳೇ ಗಾಡಿಯಂತೆ ತಳ್ಳಿ ಸ್ಟಾರ್ಟ್ ಮಾಡೋದು ಕಷ್ಟ.

ಮಲ್ಟಿಮೀಟರ್ ಇದ್ದರೆ ಮೂರು ಲೆಕ್ಕ

ಗಾಡಿ ನಿಲ್ಲಿಸಿ ಕೆಲವು ಗಂಟೆ ಆದ ಮೇಲೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿದರೆ ಫುಲ್ ಚಾರ್ಜ್. 12ಕ್ಕಿಂತ ಕೆಳಗಿದ್ದರೆ ಡೌನ್. ಚಾರ್ಜ್ ಆದ ಬ್ಯಾಟರಿಯೂ ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಇಳಿದರೆ ಅದರ ಆಯಸ್ಸು ಮುಗೀತಾ ಬಂದಿದೆ. ಇಂಜಿನ್ ಓಡುವಾಗ ಸ್ವಲ್ಪ ರೇಸ್ ಕೊಟ್ಟು ನೋಡಿ. 13.5ರಿಂದ 14.5 ಬರಬೇಕು. 13 ದಾಟದಿದ್ದರೆ ಗಾಡಿ ಬ್ಯಾಟರಿಯನ್ನು ಚಾರ್ಜೇ ಮಾಡ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹಾಳಾಗಿದೆ, ಬ್ಯಾಟರಿ ಕುದಿಯುತ್ತೆ.

ಕೊನೆಯ ಲೆಕ್ಕವೇ ಮುಖ್ಯ. ಇದನ್ನು ನೋಡದೆ ಬ್ಯಾಟರಿ ಬದಲಿಸಿದರೆ ಅದೇ ತೊಂದರೆ ಮತ್ತೆ ಬರುತ್ತೆ. ಹಾಗಾಗಿ ಗ್ಯಾರೇಜಿನಲ್ಲಿ "ಚಾರ್ಜಿಂಗ್ ಎಷ್ಟು ಬರ್ತಿದೆ ಮೀಟರ್ ಹಿಡಿದು ತೋರಿಸಿ" ಅಂತ ಕೇಳಿ. ಕೇಳೋದಕ್ಕೆ ಸಂಕೋಚ ಬೇಡ. ಎರಡು ನಿಮಿಷದ ಕೆಲಸ, ಉಳಿಯೋದು ನಿಮ್ಮದೇ ದುಡ್ಡು.