ಏರ್‌ಪೋರ್ಟ್ ರೈಲ್ವೆ ಹಾಲ್ಟ್: ಸಂಭ್ರಮದಿಂದ ಬಂತು, ಬೇಗನೇ ಮಂಕಾಯ್ತು

ದೇವನಹಳ್ಳಿ: 2021ರ ಜನವರಿ 4, ಸೋಮವಾರ. ಬೆಳಗಿನ ಜಾವ 4.45ಕ್ಕೆ ಮೆಜೆಸ್ಟಿಕ್‌ನಿಂದ ಹೊರಟ ಡೆಮು ರೈಲು ಒಂದು ಗಂಟೆ ಕಳೆದ ಮೇಲೆ ನಮ್ಮ ತಾಲೂಕಿನ ಹೊಸ ನಿಲ್ದಾಣದಲ್ಲಿ ನಿಂತಿತು. ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಹಾಲ್ಟ್ ಶುರುವಾಗಿದ್ದು ಹೀಗೆ. ಟಿಕೆಟ್ ದರ ಬರೀ 10ರಿಂದ 15 ರೂಪಾಯಿ. ಕ್ಯಾಬ್‌ಗೆ ನೂರಾರು ರೂಪಾಯಿ ಕೊಡುತ್ತಿದ್ದವರಿಗೆ ಇದು ನಂಬಲಾಗದ ಮಾತಾಗಿತ್ತು. ಆದರೆ ಆ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ.

ಹಳಿ ಹಳೇದು, ನಿಲ್ದಾಣ ಹೊಸದು

ಹಾಲ್ಟ್ ಹೊಸದಾದರೂ ಈ ಮಾರ್ಗಕ್ಕೆ ನೂರು ವರ್ಷ ದಾಟಿದೆ. ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲದಲ್ಲಿ, 1915ರಲ್ಲಿ, ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಆರಂಭವಾಯಿತು. ಆಗ ಅದು ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್ ಇದೇ ದಾರಿಯಲ್ಲಿವೆ. ಮುಂದೆ ಹಳಿ ಬ್ರಾಡ್‌ಗೇಜ್ ಆಯಿತು.

2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ಶುರುವಾದಾಗ ಹಳಿ ಅದರ ಪಕ್ಕದಲ್ಲೇ ಹಾದು ಹೋಗುತ್ತಿತ್ತು. ಆದರೆ ರೈಲು ಅಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ದಾಣ ಬರಲು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಬೇಡಿಕೆ ಬಂದದ್ದು ಹೇಗೆ?

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆಗೆ ನಗರದಲ್ಲಿ ಭಾರೀ ವಿರೋಧ ಎದ್ದಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅದೇ ನಾಗರಿಕರು ‘ಚುಕು ಬುಕು ಬೇಕು’ ಅಂತ ಉಪನಗರ ರೈಲಿಗಾಗಿ ಬೀದಿಗಿಳಿದರು. ಇರೋ ಹಳಿಯನ್ನೇ ಬಳಸಿಕೊಳ್ಳಿ ಅನ್ನೋ ಮಾತಿಗೆ ಬಲ ಬಂತು. ಕೊನೆಗೆ ಏರ್‌ಪೋರ್ಟ್ ನಡೆಸುವ ಬಿಐಎಎಲ್ ಸಂಸ್ಥೆ ದೊಡ್ಡಜಾಲ ಮತ್ತು ದೇವನಹಳ್ಳಿ ನಡುವೆ ನಿಲ್ದಾಣ ಕಟ್ಟಿ, ನೈಋತ್ಯ ರೈಲ್ವೆಗೆ ಒಪ್ಪಿಸಿತು. ಹಾಲ್ಟ್‌ನಿಂದ ಟರ್ಮಿನಲ್‌ಗೆ ಶಟಲ್ ಬಸ್ ವ್ಯವಸ್ಥೆಯನ್ನೂ ಮಾಡಿತು.

ಎಡವಿದ್ದು ಎಲ್ಲಿ?

ಮೊದಲನೇ ಪೆಟ್ಟು ಕೊರೊನಾದ್ದು. ರೈಲು ಶುರುವಾದಾಗಲೇ ವಿಮಾನ ಪ್ರಯಾಣಿಕರು ಕಡಿಮೆ ಇದ್ದರು. ನಾಲ್ಕು ತಿಂಗಳು ತುಂಬುವ ಮೊದಲೇ ಎರಡನೇ ಅಲೆ ಬಂತು, ಏಪ್ರಿಲ್ ಕೊನೆಗೆ ರಾಜ್ಯವೇ ಲಾಕ್‌ಡೌನ್ ಆಯಿತು.

ಆದರೆ ಎಲ್ಲವನ್ನೂ ಕೊರೊನಾ ತಲೆಗೆ ಕಟ್ಟುವಂತಿಲ್ಲ. ವಿಮಾನ ಹಗಲು ರಾತ್ರಿ ಹಾರುತ್ತದೆ, ರೈಲು ಮಾತ್ರ ದಿನಕ್ಕೆ ಬೆರಳೆಣಿಕೆಯಷ್ಟು. ಭಾನುವಾರ ಅದೂ ಇಲ್ಲ. ಒಂದು ರೈಲು ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಫ್ಲೈಟ್ ಹೋಗಿಬಿಡುತ್ತೆ. ಯಲಹಂಕದಿಂದ ಈಚೆಗೆ ಒಂಟಿ ಹಳಿ, ಎದುರಿನಿಂದ ಗಾಡಿ ಬಂದರೆ ಕ್ರಾಸಿಂಗ್‌ಗೆ ನಿಲ್ಲಲೇಬೇಕು. ಹಾಲ್ಟ್‌ನಿಂದ ಟರ್ಮಿನಲ್ ಸುಮಾರು ಮೂರೂವರೆ ಕಿ.ಮೀ. ಸೂಟ್‌ಕೇಸ್ ಹಿಡಿದು ರೈಲಿಳಿದು, ಮತ್ತೆ ಬಸ್ ಹತ್ತುವುದಕ್ಕಿಂತ ಬಿಎಂಟಿಸಿಯ ವಾಯುವಜ್ರವೇ ವಾಸಿ ಅಂದುಕೊಂಡವರೇ ಜಾಸ್ತಿ. ಜನ ಬರಲ್ಲ ಅಂತ ರೈಲು ಕಡಿಮೆ, ರೈಲು ಕಡಿಮೆ ಅಂತ ಜನ ಬರಲ್ಲ ಅನ್ನೋ ಹಾಗಾಯಿತು.

ನಿಜಕ್ಕೂ ಯಾರಿಗೆ ಬೇಕಿತ್ತು?

ಈ ರೈಲು ವಿಮಾನ ಹತ್ತುವವರಿಗಿಂತ ಏರ್‌ಪೋರ್ಟ್‌ನಲ್ಲಿ ದುಡಿಯುವವರಿಗೆ ಹೆಚ್ಚು ಬೇಕು. ಹೌಸ್‌ಕೀಪಿಂಗ್, ಲೋಡಿಂಗ್, ಸೆಕ್ಯೂರಿಟಿ, ಅಂಗಡಿ ಕೆಲಸದವರಿಗೆ ದಿನಾ ಹೋಗಿ ಬರುವ ಖರ್ಚೇ ದೊಡ್ಡ ಹೊರೆ. ಅವರದ್ದು ಶಿಫ್ಟ್ ಕೆಲಸ. ಶಿಫ್ಟ್ ಬದಲಾಗುವ ಹೊತ್ತಿಗೆ ರೈಲು ಸಿಗದಿದ್ದರೆ ಹತ್ತು ರೂಪಾಯಿ ಟಿಕೆಟ್ ಇದ್ದೂ ಪ್ರಯೋಜನವಿಲ್ಲ. ಜನ ಇಳಿದು ಹತ್ತಿದರೆ ತಾನೇ ಸುತ್ತಮುತ್ತಲ ಟೀ ಅಂಗಡಿ, ಆಟೋದವರಿಗೂ ವ್ಯಾಪಾರ?

ಮುಂದೇನು?

ಹಾಲ್ಟ್ ಅನ್ನು ಕಿತ್ತು ಹಾಕಿಲ್ಲ. ಮಾರ್ಗ ವಿದ್ಯುದೀಕರಣವಾದ ಮೇಲೆ ಡೆಮು ಜಾಗಕ್ಕೆ ಮೆಮು ಬಂದಿದೆ. ಆದರೆ ಆರಂಭದಲ್ಲಿದ್ದ ನಿರೀಕ್ಷೆ ಮಾತ್ರ ಉಳಿದಿಲ್ಲ.

ಉಪನಗರ ರೈಲು ಯೋಜನೆಗೆ 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿತು. ಒಟ್ಟು 148 ಕಿ.ಮೀ., ನಾಲ್ಕು ಮಾರ್ಗ, ವೆಚ್ಚ 15,767 ಕೋಟಿ ರೂಪಾಯಿ. ಇದರಲ್ಲಿ ಮೆಜೆಸ್ಟಿಕ್–ಯಲಹಂಕ–ದೇವನಹಳ್ಳಿ ನಡುವಿನ ಸುಮಾರು 41 ಕಿ.ಮೀ.ನ ‘ಸಂಪಿಗೆ’ ಮಾರ್ಗವೇ ನಮ್ಮದು. 2022ರ ಜೂನ್ 20ರಂದು ಪ್ರಧಾನಿ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. ಆದರೆ ಕಾಮಗಾರಿ ಮೊದಲು ಶುರುವಾಗಿದ್ದು ಬೈಯಪ್ಪನಹಳ್ಳಿ–ಚಿಕ್ಕಬಾಣಾವರದ ‘ಮಲ್ಲಿಗೆ’ ಮಾರ್ಗದಲ್ಲಿ. ಇನ್ನೊಂದು ಕಡೆ ಕೆ.ಆರ್. ಪುರ–ಹೆಬ್ಬಾಳ–ಏರ್‌ಪೋರ್ಟ್ ಮೆಟ್ರೊ ಯೋಜನೆ ಇದೆ.

ಹಾಲ್ಟ್‌ನಿಂದ ಕಲಿಯಬೇಕಾದ ಪಾಠ ಸರಳ. ಪ್ಲಾಟ್‌ಫಾರ್ಮ್ ಕಟ್ಟಿ, ದರ ಕಡಿಮೆ ಇಟ್ಟರೆ ಸಾಲದು. ಜನರಿಗೆ ಬೇಕಾದ ಹೊತ್ತಿಗೆ ರೈಲು ಬರಬೇಕು.

ಗಮನಿಸಿ: ಹಾಲ್ಟ್‌ಗೆ ಹೋಗುವ ಮುನ್ನ ಆ ದಿನದ ರೈಲು ಸಮಯ ಮತ್ತು ಟರ್ಮಿನಲ್‌ಗೆ ಬಸ್ ಇದೆಯೇ ಎಂದು ವಿಚಾರಿಸಿಕೊಳ್ಳಿ. ವೇಳಾಪಟ್ಟಿ ಹಲವು ಬಾರಿ ಬದಲಾಗಿದೆ.