ಪ್ರಬಲ ರಾಷ್ಟ್ರಗಳ ಹಸ್ತಕ್ಷೇಪ: ಮೈಸೂರು ಮತ್ತು ತುಮಕೂರು ಸೀಮೆಯ ಚರಿತ್ರೆ

ಒಂದು ರಾಜ್ಯದ ಸೈನ್ಯ, ಬೊಕ್ಕಸ, ಪಟ್ಟಾಭಿಷೇಕ, ಆಡಳಿತ ಮುಂತಾದ ಒಳಗಿನ ವಿಷಯಗಳಲ್ಲಿ ಇನ್ನೊಂದು ರಾಜ್ಯ ಬಲದಿಂದಲೋ ಬಲದ ಭಯದಿಂದಲೋ ಕೈಹಾಕುವುದನ್ನು ಹಸ್ತಕ್ಷೇಪ ಎನ್ನುತ್ತಾರೆ. ದಂಡೆತ್ತಿ ಬಂದು ನೆಲ ಕಿತ್ತುಕೊಳ್ಳುವುದಕ್ಕಿಂತ ಇದು ಬೇರೆ. ಇಲ್ಲಿ ಅರಸ ಸಿಂಹಾಸನದ ಮೇಲೆಯೇ ಇರುತ್ತಾನೆ, ಕಾಗದದ ಮೇಲೆ ಒಪ್ಪಂದವಿರುತ್ತದೆ, ಅದರ ಕೆಳಗೆ ದುರ್ಬಲ ಪಕ್ಷದ ರುಜುವೂ ಇರುತ್ತದೆ. ಪ್ರತಿಸ್ಪರ್ಧಿಯ ಭಯ, ವ್ಯಾಪಾರ, ಬಾಕಿ ಹಣ, ಮಿತ್ರನ ರಕ್ಷಣೆ, ದುರಾಡಳಿತವನ್ನು ಸರಿಪಡಿಸುವ ಕರ್ತವ್ಯ ಎಂದು ಇದಕ್ಕೆ ಹಲವು ಕಾರಣಗಳನ್ನು ಹೇಳುತ್ತಾರೆ. 1790ರಿಂದ 1881ರವರೆಗಿನ ಮೈಸೂರಿನಲ್ಲಿ ಈ ಕಾರಣಗಳೆಲ್ಲ ಒಂದಾದ ಮೇಲೊಂದು ಬಂದುಹೋದವು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆ ಅವುಗಳ ದಾರಿಯಲ್ಲಿತ್ತು. ಕೊನೆಗೆ ಹೊಸ ಆಡಳಿತದ ಒಂದು ಠಾಣೆಯೂ ಅಲ್ಲೇ ನಿಂತಿತು.

ಕಂಪನಿಗಿಂತ ಮುಂಚೆ

ಈ ಸೀಮೆಗೆ ಹಸ್ತಕ್ಷೇಪವನ್ನು ಇಂಗ್ಲಿಷರೇ ಕಲಿಸಿದರು ಎನ್ನುವಂತಿಲ್ಲ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾಖಾನ್ ಇತ್ತ ಬಂದ. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ ಕೇಂದ್ರ ಮಾಡಿಕೊಂಡರು. ಅದೇ ವರ್ಷ ಅವರ ಸರದಾರ ಕಾಸಿಂಖಾನ್ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಿದ. ಆಮೇಲೆ ಶಿರಾ ಮರಾಠರ ಕೈಗೂ ಅಲ್ಲಿಂದ 1761ರಲ್ಲಿ ಹೈದರಾಲಿಯ ಕೈಗೂ ಹೋಯಿತು.

ಇದಕ್ಕಿಂತ ತಿಳಿವು ಕೊಡುವುದು ಗುಬ್ಬಿಯ ಸಣ್ಣ ಕಥೆ. ಗುಬ್ಬಿಯನ್ನು ಕಟ್ಟಿದವರು ಹೊಸಹಳ್ಳಿಯ ಪಾಳೆಯಗಾರರು. ಅಡಿಕೆ ವ್ಯಾಪಾರದಿಂದ ಪೇಟೆ ಬೆಳೆದಿತ್ತು. ಮೈಸೂರು ಮೊದಲು ಅವರಿಂದ ಪೊಗದಿ ಕೇಳಿತು. ಹೈದರಾಲಿ ಅದನ್ನು ಏರಿಸಿದ. ಅಷ್ಟು ಹೊತ್ತಿಗೆ ಪಾಳೆಯಗಾರರು ಗುತ್ತಿಗೆದಾರರಂತಾಗಿದ್ದರು. ಟಿಪ್ಪು ಉಳಿದ ಅಧಿಕಾರವನ್ನೂ ತೆಗೆದುಹಾಕಿದ. ಮೊದಲು ಕಾಣಿಕೆ, ನಂತರ ಹೆಚ್ಚಿದ ಕಾಣಿಕೆ, ಕೊನೆಗೆ ಅಧಿಕಾರವೇ ಇಲ್ಲ. ಮುಂದೆ ಈಸ್ಟ್ ಇಂಡಿಯಾ ಕಂಪನಿ ಮೈಸೂರಿನ ಅರಸರ ಮೇಲೆ ನಡೆಸಿದ್ದು ಬಹುಮಟ್ಟಿಗೆ ಇದೇ ಆಟ, ದೊಡ್ಡ ಲೆಕ್ಕದಲ್ಲಿ.

ಹುಲಿಯೂರುದುರ್ಗ, ಹುತ್ರಿದುರ್ಗ

1789ರ ಕೊನೆಯಲ್ಲಿ ಟಿಪ್ಪು ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದ. ತಿರುವಾಂಕೂರು ಕಂಪನಿಯ ಮಿತ್ರರಾಜ್ಯ. ಮಿತ್ರನ ರಕ್ಷಣೆ ಎಂಬ ಕಾರಣ ಸಿಕ್ಕಿತು. ಮರಾಠರನ್ನೂ ನಿಜಾಮನನ್ನೂ ಕಂಪನಿ ಜೊತೆಗೆ ಕಟ್ಟಿಕೊಂಡಿತು. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋದರೂ ಎತ್ತುಗಳು ಸತ್ತು, ದವಸ ಮುಗಿದು, ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಬೇಕಾಯಿತು. ದಾರಿಯಲ್ಲಿ ಸಿಕ್ಕ ಮರಾಠಾ ಸೈನ್ಯದ ಬಜಾರಿನಲ್ಲಿ ದವಸ ಇತ್ತು, ಬೆಲೆ ಮಾತ್ರ ಮಿತ್ರರಿಗೆ ಹೇಳುವಂಥದ್ದಾಗಿರಲಿಲ್ಲ. ಹಾಗೆ ಬೆಂಗಳೂರಿಗೆ ಮರಳುವ ಹಾದಿಯಲ್ಲಿ ಜೂನ್‌ನಲ್ಲಿ ಹುಲಿಯೂರುದುರ್ಗ ಅವನಿಗೆ ಶರಣಾಯಿತು.

ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು. ಮೂರು ದಿನಗಳ ನಂತರ, 24ರಂದು, ಕೆಂಪೇಗೌಡರ ಕಾಲದ ಹುತ್ರಿದುರ್ಗವೂ ಬಿತ್ತು. ಇಂದು ಕುಣಿಗಲ್ ತಾಲ್ಲೂಕಿನಲ್ಲಿರುವ ಹುಲಿಯೂರುದುರ್ಗ, ಹುತ್ರಿದುರ್ಗಗಳು ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವಿನ ದವಸದ ಸಾಲನ್ನು ಕಾಯುತ್ತಿದ್ದವು. ಹಿಂದಿನ ಸಲ ಹಸಿವಿನಿಂದ ಸೋತವನಿಗೆ ಈ ಸಲ ಮೊದಲು ಬೇಕಾದದ್ದು ಅವೇ. 1792ರ ಜನವರಿಯ ಕೊನೆಯಲ್ಲಿ ಕೂಡುಸೈನ್ಯ ಈ ಸೀಮೆಯಿಂದ ದಕ್ಷಿಣಕ್ಕೆ ಹೊರಟಿತು. ಮಾರ್ಚ್‌ನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಂಡ. ಹಣಕ್ಕೆ ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನು ಕಳಿಸಿದ.

1799ರ ಕಾಗದ

ಏಳು ವರ್ಷಗಳ ನಂತರ ಕಾರಣ ಬದಲಾಗಿತ್ತು. 1798ರಲ್ಲಿ ಟಿಪ್ಪುವಿನ ರಾಯಭಾರಿಗಳು ಮಾರಿಷಸ್‌ನಲ್ಲಿದ್ದರು. ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್ ಅವರಿಗೆ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಸಾರಿಬಿಟ್ಟ. ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಇಳಿದ. ಮಾರಿಷಸ್‌ನಿಂದ ಟಿಪ್ಪುವಿಗೆ ಬಂದ ಜನ ನೂರರ ಆಸುಪಾಸು. ಆದರೂ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅಷ್ಟೇ ಸಾಕಾಯಿತು. ಪ್ರಬಲ ರಾಷ್ಟ್ರಗಳು ದುರ್ಬಲ ರಾಜ್ಯದ ಮೇಲೆ ಬೀಳುವಾಗ ಅವುಗಳ ಕಣ್ಣು ಬಹಳ ಸಲ ಮೂರನೆಯವನ ಮೇಲಿರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದರ ಭಯದಿಂದ ಇನ್ನೊಂದು ವಿಯೆಟ್ನಾಂ, ಅಫ್ಘಾನಿಸ್ತಾನಗಳಿಗೆ ಹೋದದ್ದೂ ಹೀಗೆಯೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಲಾಯಿತು. ಜುಲೈ 8ರ ಸಹಾಯಕ ಸೈನ್ಯ ಒಪ್ಪಂದಕ್ಕೆ ಮಗುವಿನ ಪರವಾಗಿ ರಾಣಿ ಲಕ್ಷ್ಮಮ್ಮಣ್ಣಿಯವರೂ ದಿವಾನ್ ಪೂರ್ಣಯ್ಯನವರೂ ಒಪ್ಪಿಗೆ ಕೊಟ್ಟರು. ರಾಜ್ಯದ ರಕ್ಷಣೆಗೆ ಕಂಪನಿಯ ಸೈನ್ಯ ಇರುತ್ತದೆ, ಅದಕ್ಕಾಗಿ ವರ್ಷಕ್ಕೆ ಏಳು ಲಕ್ಷ ವರಹ ಸಲ್ಲಬೇಕು. ರೂಪಾಯಿಯಲ್ಲಿ ಇದು ಇಪ್ಪತ್ನಾಲ್ಕೂವರೆ ಲಕ್ಷ. ಹೊರಗಿನ ಯಾವ ರಾಜ್ಯದೊಡನೆಯೂ ಕಂಪನಿಗೆ ತಿಳಿಸದೆ ವ್ಯವಹಾರ ಕೂಡದು.

ಒಪ್ಪಂದದ ಜೀವ ನಾಲ್ಕನೆಯ ಕಲಮಿನಲ್ಲಿತ್ತು. ಈ ಹಣ ಬರದೆ ಹೋದೀತೆಂಬ ಶಂಕೆ ಗವರ್ನರ್ ಜನರಲ್‌ಗೆ ಬಂದರೆ, ರಾಜ್ಯದ ಯಾವುದೇ ಭಾಗದ ಆಡಳಿತವನ್ನು ನೇರವಾಗಿ ವಹಿಸಿಕೊಳ್ಳಬಹುದು. ಹಣ ನಿಲ್ಲಲೇಬೇಕೆಂದಿಲ್ಲ, ನಿಲ್ಲಬಹುದೆಂಬ ಶಂಕೆ ಬಂದರೆ ಸಾಕು. ಶಂಕೆಗೆ ಕಾರಣವಿದೆಯೇ ಎಂದು ನಿರ್ಣಯಿಸುವವನೂ ಅವನೇ.

ಟಿಪ್ಪುವಿನ ನಂತರದ ಈ ವ್ಯವಸ್ಥೆ ಮಾಡಲು ಕಂಪನಿ ನೇಮಿಸಿದ್ದ ಮೈಸೂರು ಆಯೋಗಕ್ಕೆ ಇಬ್ಬರು ಕಾರ್ಯದರ್ಶಿಗಳಿದ್ದರು: ಜಾನ್ ಮಾಲ್ಕಂ ಮತ್ತು ಥಾಮಸ್ ಮನ್ರೋ. ಇದೇ ಮನ್ರೋ 1817ರಲ್ಲಿ ಗವರ್ನರ್ ಜನರಲ್‌ಗೆ ಬರೆದ ಕಾಗದದಲ್ಲಿ ಸಹಾಯಕ ಸೈನ್ಯ ಪದ್ಧತಿಯನ್ನು ಖಂಡಿಸಿದ. ಕೆಟ್ಟ ಅರಸನಿಗೆ ಇರುವ ಮದ್ದು ಅರಮನೆಯೊಳಗಿನ ಬದಲಾವಣೆ ಅಥವಾ ಪ್ರಜೆಗಳ ದಂಗೆ, ಕಂಪನಿಯ ಪಲ್ಟನ್ ಕಾವಲು ನಿಂತ ಮೇಲೆ ಎರಡಕ್ಕೂ ದಾರಿಯಿಲ್ಲ, ಅರಸ ಇನ್ನಷ್ಟು ಕೆಡುತ್ತಾನೆ, ರಾಜ್ಯ ಬಡವಾಗುತ್ತದೆ ಎಂಬುದು ಅವನ ವಾದದ ತಿರುಳು. ಈ ಪದ್ಧತಿಯ ಮೇಲೆ ಬಂದ ಟೀಕೆಗಳಲ್ಲಿ ಇಷ್ಟು ನೇರವಾದದ್ದು ವಿರಳ. ಅದು ಬಂದದ್ದು ಒಳಗಿನವನಿಂದ.

1831

ಮನ್ರೋ ಹೇಳಿದಂತೆಯೇ ಆಯಿತು. ಪೂರ್ಣಯ್ಯನವರ ನಂತರ ಆಳಿದ ಮುಮ್ಮಡಿಯವರ ಕಾಲದಲ್ಲಿ ಖರ್ಚು ಏರಿತು. ಇಷ್ಟು ಕಂದಾಯ ಕಟ್ಟಿಯೇ ತೀರುತ್ತೇನೆಂದು ಅಮಲ್ದಾರರಿಂದ ಷರ್ತು ಬರೆಸಿಕೊಳ್ಳುವ ಪದ್ಧತಿ ನಡೆಯಿತು. ಷರ್ತು ಬರೆದವನು ರೈತನನ್ನು ಹಿಂಡದೆ ಬಿಡುತ್ತಾನೆಯೇ? 1830ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಕೂಟ ಸೇರಿದರು. ಬೂದಿ ಬಸಪ್ಪ ತಾನೇ ನಗರದ ಅರಸನೆಂದು ಸಾರಿಕೊಂಡ. ತರೀಕೆರೆಯ ಪಾಳೆಯಗಾರರ ಮನೆತನವೂ ಸೇರಿಕೊಂಡಿತು. ದಂಗೆ ಅಡಗಿಸಲು ಕಂಪನಿಯ ಸೈನ್ಯವೇ ಬರಬೇಕಾಯಿತು. 1831ರ ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ನಾಲ್ಕನೆಯ ಕಲಮನ್ನು ಹಿಡಿದು ಮಹಾರಾಜರಿಗೆ ಕಾಗದ ಬರೆದ. ಅಕ್ಟೋಬರ್ 19ರಂದು ಅವರು ಅಧಿಕಾರ ಬಿಟ್ಟುಕೊಟ್ಟರು.

ದಂಗೆಗೆ ಕಾರಣ ಹುಡುಕಲು ನೇಮಿಸಿದ್ದ ಸಮಿತಿ 1833ರ ಕೊನೆಯಲ್ಲಿ ವರದಿ ಕೊಟ್ಟಿತು. ಅದನ್ನು ಓದಿ, 1834ರಲ್ಲಿ ದಕ್ಷಿಣಕ್ಕೆ ಬಂದ ಬೆಂಟಿಂಕ್‌ಗೆ ತನ್ನ ಕ್ರಮವೇ ಅನುಮಾನವಾಯಿತು. ಪೊಗದಿಗೆ ತಕ್ಷಣದ ಅಪಾಯ ಇದ್ದಂತೆ ಕಾಣುವುದಿಲ್ಲ ಎಂದು ಮೇಲಿನವರಿಗೆ ಬರೆದು, ರಾಜ್ಯದ ಬಹುಭಾಗವನ್ನು ಹಿಂದಿರುಗಿಸಲು ಸೂಚಿಸಿದ. ಲಂಡನ್ ಒಪ್ಪಲಿಲ್ಲ. ಆಡಳಿತ ಚೆನ್ನಾಗಿ ನಡೆಯುತ್ತಿದೆ, ಈಗೇಕೆ ಬಿಡಬೇಕು ಎಂಬ ಉತ್ತರ ಬಂತು. ಒಳಗೆ ಹೋಗಲು ಕೊಟ್ಟ ಕಾರಣ ಬಿದ್ದುಹೋದರೂ ಒಳಗೇ ಉಳಿಯಲು ಹೊಸ ಕಾರಣ ಸಿಕ್ಕಿತ್ತು. ಆ ವಾಸ ಐವತ್ತು ವರ್ಷ ನಡೆಯಿತು.

ಡಾಬ್ಸ್‌ನ ತುಮಕೂರು

ಹೊಸ ಆಡಳಿತ ರಾಜ್ಯವನ್ನು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂದು ನಾಲ್ಕು ವಿಭಾಗ ಮಾಡಿ, ಒಂದೊಂದಕ್ಕೆ ಒಬ್ಬ ಯುರೋಪಿಯನ್ ಸೂಪರಿಂಟೆಂಡೆಂಟನನ್ನು ಇಟ್ಟಿತು. ಕೆಳಗಿನ ಅಮಲ್ದಾರರು ಮೊದಲಿನವರೇ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ. ತುಮಕೂರು ಸೀಮೆ ಚಿತ್ರದುರ್ಗ ವಿಭಾಗಕ್ಕೆ ಸೇರಿತು. ಅದರ ಸೂಪರಿಂಟೆಂಡೆಂಟ್ ರಿಚರ್ಡ್ ಸ್ಟೂಯರ್ಟ್ ಡಾಬ್ಸ್ ಬಹುಕಾಲ ಕಚೇರಿ ನಡೆಸಿದ್ದು ತುಮಕೂರಿನಲ್ಲಿ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಬಸ್ಸು ಇಂದಿಗೂ ನಿಲ್ಲುವ ದಾಬಸ್‌ಪೇಟೆ ಅವನ ಹೆಸರಿನ ಊರು. ಜಿಲ್ಲೆಯಾಗಿ ತುಮಕೂರು ಬೇರೆಯಾದದ್ದು 1860ರ ದಶಕದಲ್ಲಿ.

ಈ ಆಡಳಿತ ಜನಕ್ಕೆ ಕೆಟ್ಟದ್ದನ್ನೇ ಮಾಡಿತು ಎಂದರೆ ಸುಳ್ಳಾದೀತು. ಕಬ್ಬನ್‌ನ ಕಾಲದಲ್ಲಿ 769 ಬಗೆಯ ಸಣ್ಣಪುಟ್ಟ ತೆರಿಗೆಗಳು ಹೋದವು ಎಂದು ಬಿ. ಎಲ್. ರೈಸ್‌ನ ಗೆಜೆಟಿಯರ್ ಹೇಳುತ್ತದೆ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟದ್ದಕ್ಕೆ, ಅದರ ತಲೆ ಬೋಳಿಸಿದ್ದಕ್ಕೆ ಕೂಡ ಒಂದೊಂದು ಕಡೆ ತೆರಿಗೆ ಇತ್ತು. ದಾರಿದಾರಿಗೆ ವಸೂಲಾಗುತ್ತಿದ್ದ ಸಾಯರ್ ಸುಂಕ ಇಳಿದದ್ದು ಗುಬ್ಬಿಯಂಥ ಸಂತೆಪೇಟೆಗಳಿಗೆ ದೊಡ್ಡ ಉಪಕಾರ. ಮಲೆನಾಡಿನ ಅಡಿಕೆ ಗುಬ್ಬಿ ತಲುಪುವ ಹೊತ್ತಿಗೆ ಎಷ್ಟು ಕಟ್ಟೆಗಳಲ್ಲಿ ತೆರಬೇಕಿತ್ತೋ ವರ್ತಕರಿಗೇ ಗೊತ್ತು. ಆದರೆ ಇವುಗಳಲ್ಲಿ ಒಂದನ್ನೂ ಮೈಸೂರಿನವರು ಕುಳಿತು ನಿರ್ಧರಿಸಲಿಲ್ಲ. ಮೇಲಿನ ಹುದ್ದೆ ಅವರಿಗೆ ಸಿಗಲೂ ಇಲ್ಲ.

ಕಚೇರಿಯ ಹಿಂದೆಯೇ ಮಿಷನ್ ಬಂತು. 1837ರ ಸುಮಾರಿಗೆ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಆರಂಭಿಸಿದ. 1839ರಲ್ಲಿ ಬಂದ ವಿಲಿಯಂ ಆರ್ಥರ್ ಇಂಗ್ಲೆಂಡಿಗೆ ಮರಳಿದ ಮೇಲೆ ಮೈಸೂರಿನ ಮಿಷನ್ ಬಗ್ಗೆ ಪುಸ್ತಕ ಬರೆದು, ಗುಬ್ಬಿಯ ಹೆಸರನ್ನು ಅಲ್ಲಿನ ಓದುಗರಿಗೆ ಮುಟ್ಟಿಸಿದ.

ಕುಣಿಗಲ್‌ಗೆ ಸಿಕ್ಕ ಪಾಲು ಕುದುರೆ. ಟಿಪ್ಪುವಿನ ಕಾಲದಿಂದ ನಡೆದು ಬಂದ ಅಲ್ಲಿನ ಅಶ್ವಶಾಲೆ ಅವನ ನಂತರ ಮೈಸೂರಿನ ಸಿಲ್ಲೇದಾರ್ ದಳಕ್ಕೆ ಕುದುರೆ ಬೆಳೆಸಿತು. ಆ ದಳದಿಂದ ಮುಂದೆ ಮೈಸೂರು ಲ್ಯಾನ್ಸರ್ಸ್ ಹುಟ್ಟಿತು. ಲ್ಯಾನ್ಸರ್ಸ್ ಸವಾರರು ಬ್ರಿಟಿಷ್ ಚಕ್ರಾಧಿಪತ್ಯದ ಪರವಾಗಿ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಗೆಲ್ಲುವ ಕಾಳಗದಲ್ಲಿ ಜೋಧಪುರದವರ ಜೊತೆ ನುಗ್ಗಿದರು. ಒಂದು ರಾಜ್ಯದೊಳಗೆ ಕೈಯಾಡಿಸಿದ ಶಕ್ತಿ ಅದೇ ರಾಜ್ಯದ ಸೈನ್ಯವನ್ನು ಮೂರನೆಯ ನಾಡಿನ ಮೇಲೆ ಬಳಸುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಸಮರ್ಥನೆ

ಹಸ್ತಕ್ಷೇಪದ ನೀತಿಯನ್ನು ಕುರಿತ ಪ್ರಸಿದ್ಧ ಪ್ರಬಂಧವನ್ನು ಜಾನ್ ಸ್ಟೂಯರ್ಟ್ ಮಿಲ್ 1859ರಲ್ಲಿ ಬರೆದ. ತತ್ತ್ವಜ್ಞಾನಿಯೆಂದು ನಾವು ಓದುವ ಮಿಲ್ ಹೊಟ್ಟೆಪಾಡಿಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಮೂವತ್ತೈದು ವರ್ಷ ದುಡಿದವನು. ದೇಶೀ ಸಂಸ್ಥಾನಗಳಿಗೆ ಸಂಬಂಧಿಸಿದ ಕಾಗದಗಳ ಕರಡು ಸಿದ್ಧಪಡಿಸುವುದು ಅವನ ಕೆಲಸ. ನಾಗರಿಕ ರಾಷ್ಟ್ರಗಳು ಒಂದರ ವಿಷಯದಲ್ಲಿ ಇನ್ನೊಂದು ತಲೆಹಾಕಬಾರದು, ಆದರೆ ಆ ನಿಯಮ ‘ಅನಾಗರಿಕ’ರಿಗೆ ಅನ್ವಯಿಸದು ಎಂದ. 1856ರಲ್ಲಿ ಅವಧ್ ಕಸಿದುಕೊಂಡದ್ದನ್ನು ಸಮರ್ಥಿಸುತ್ತ, ಅರಸನ ದುರಾಡಳಿತ ನಿಂತಿರುವುದು ನಮ್ಮ ಸೈನ್ಯದ ಬಲದ ಮೇಲೆ, ಆದ್ದರಿಂದ ಅದನ್ನು ಕೊನೆಗಾಣಿಸುವ ಹೊಣೆಯೂ ನಮ್ಮದೇ ಎಂದು ವಾದಿಸಿದ. ಮನ್ರೋ ಹಿಡಿದ ಸಾಕ್ಷ್ಯವನ್ನೇ ಮಿಲ್ ಹಿಡಿದು ತಲುಪಿದ್ದು ಎದುರು ದಡಕ್ಕೆ. ಸೈನ್ಯವನ್ನು ಹಿಂದಕ್ಕೆ ಕರೆಸುವುದೂ ಒಂದು ಪರಿಹಾರವೆಂಬುದು ಅವನ ಲೆಕ್ಕಕ್ಕೆ ಬರಲಿಲ್ಲ.

ಮರಳಿದ ರಾಜ್ಯ

ಮುಮ್ಮಡಿಯವರು ರಾಜ್ಯವನ್ನು ಮರಳಿಸಿರೆಂದು ಕೊನೆಯವರೆಗೂ ಅರ್ಜಿ ಹಾಕುತ್ತಲೇ ಇದ್ದರು. 1856ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ, ಮುಮ್ಮಡಿಯವರ ನಂತರ ರಾಜ್ಯ ಕಂಪನಿಗೇ ಸೇರಬೇಕೆಂದು ಬರೆದಿಟ್ಟಿದ್ದ. ಮರುವರ್ಷದ ಸಿಪಾಯಿ ದಂಗೆ ಹೀಗೆ ರಾಜ್ಯಗಳನ್ನು ಸೇರಿಸಿಕೊಳ್ಳುವ ನೀತಿಗೆ ತಡೆಯಾಯಿತು. 1865ರಲ್ಲಿ ಮುಮ್ಮಡಿಯವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಲಂಡನ್ ಆ ದತ್ತುವಿಗೆ ರಾಜ್ಯ ಕೊಡುವುದಾಗಿ ಒಪ್ಪಿತು. ಒಂದು ವರ್ಷದೊಳಗೆ, 1868ರ ಮಾರ್ಚ್‌ನಲ್ಲಿ, ಮುಮ್ಮಡಿಯವರು ತೀರಿಕೊಂಡರು.

1876–78ರ ಬರ ಹತ್ತು ಲಕ್ಷ ಜನರನ್ನು ನುಂಗಿ, ಮೈಸೂರಿನ ಮೇಲೆ 80 ಲಕ್ಷ ರೂಪಾಯಿ ಸಾಲ ಬಿಟ್ಟುಹೋಗಿತ್ತು. 1881ರ ಮಾರ್ಚ್ 25ರಂದು ರಾಜ್ಯ ಮರಳಿದಾಗ ಆ ಸಾಲವೂ ಜೊತೆಗೆ ಬಂತು. ಪೊಗದಿಯನ್ನು 35 ಲಕ್ಷಕ್ಕೆ ಏರಿಸಲಾಯಿತು, ಏರಿದ ಭಾಗದ ವಸೂಲಿ ಮಾತ್ರ 1896ರವರೆಗೆ ಮುಂದಕ್ಕೆ ಹೋಯಿತು. ಹೊಸ ಕೋಟೆ ಕಟ್ಟಕೂಡದು, ಸೈನ್ಯದ ಸಂಖ್ಯೆ ಗವರ್ನರ್ ಜನರಲ್ ಹೇಳಿದಷ್ಟೇ, ಉಪ್ಪು, ಅಫೀಮು, ನಾಣ್ಯ, ತಂತಿ, ರೈಲ್ವೆ ನೆಲ ಎಲ್ಲದಕ್ಕೂ ಷರತ್ತು. 1884ರಲ್ಲಿ ಸಂಸ್ಥಾನವೇ ತುಮಕೂರಿಗೆ ರೈಲು ತಂದಿತು. ಎರಡು ವರ್ಷದಲ್ಲಿ ಆ ದಾರಿ ಸದರ್ನ್ ಮರಾಠಾ ರೈಲ್ವೆ ಎಂಬ ಇಂಗ್ಲಿಷ್ ಕಂಪನಿಯ ಕೈಸೇರಿ, ಗುಬ್ಬಿಯ ಮೇಲೆ ಹಾದು 1889ಕ್ಕೆ ಹರಿಹರ ಮುಟ್ಟಿತು. 1913ರ ಒಪ್ಪಂದ ಕೆಲವು ಕಟ್ಟುಗಳನ್ನು ಸಡಿಲಿಸಿತು. ಹೆಚ್ಚುವರಿ ಪೊಗದಿ ಹೋದದ್ದು 1928ರಲ್ಲಿ.

ಆಮೇಲೆ

1945ರ ವಿಶ್ವಸಂಸ್ಥೆಯ ಸನ್ನದು ಸದಸ್ಯರಾಷ್ಟ್ರಗಳು ಬೇರೆ ಯಾವುದೇ ರಾಷ್ಟ್ರದ ಮೇಲೆ ಬಲಪ್ರಯೋಗ ಮಾಡುವುದನ್ನು ನಿಷೇಧಿಸಿತು. 1954ರಲ್ಲಿ ಭಾರತ–ಚೀನಾ ರುಜು ಹಾಕಿದ ಪಂಚಶೀಲ ಪರಸ್ಪರ ಆಂತರಿಕ ವಿಷಯಗಳಲ್ಲಿ ಕೈಹಾಕುವುದಿಲ್ಲ ಎಂದಿತು. 1986ರಲ್ಲಿ ನಿಕರಾಗುವಾ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಮೆರಿಕದ ವಿರುದ್ಧ ತೀರ್ಪು ಕೊಟ್ಟರೆ ಅಮೆರಿಕ ಅದನ್ನು ಒಪ್ಪಲಿಲ್ಲ. ಭಾರತವೂ 1971ರಲ್ಲಿ ಪೂರ್ವ ಪಾಕಿಸ್ತಾನಕ್ಕೆ, 1987ರಲ್ಲಿ ಶ್ರೀಲಂಕಾಕ್ಕೆ, 1988ರಲ್ಲಿ ಮಾಲ್ಡೀವ್ಸ್‌ಗೆ ಸೈನ್ಯ ಕಳಿಸಿತು. ಮೂರೂ ಒಂದೇ ತೂಕದವಲ್ಲ: ಮೊದಲನೆಯದರ ಹಿಂದೆ ಸುಮಾರು ಒಂದು ಕೋಟಿ ನಿರಾಶ್ರಿತರ ಹೊರೆಯಿತ್ತು, ಮೂರನೆಯದು ಅಲ್ಲಿನ ಅಧ್ಯಕ್ಷರ ಕೋರಿಕೆಯ ಮೇಲೆ ನಡೆಯಿತು. ಶ್ರೀಲಂಕಾದಲ್ಲಿ ಮಾತ್ರ ಶಾಂತಿ ಕಾಯಲು ಹೋದ ಸೈನ್ಯ ಯುದ್ಧದಲ್ಲಿ ಸಿಕ್ಕಿಬಿದ್ದು, ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡು 1990ರಲ್ಲಿ ಮರಳಿತು.

ಪೊಗದಿ ಕೊಡುತ್ತಿದ್ದ ಗುಬ್ಬಿಯ ತಾಲ್ಲೂಕು ಈಗ ಸೈನ್ಯಕ್ಕೆ ಹೆಲಿಕಾಪ್ಟರ್ ಕಟ್ಟುವ ಜಾಗ. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಅದೇ ವರ್ಷ ಮಾಲ್ಡೀವ್ಸ್‌ನಲ್ಲಿ ಭಾರತದ ಸೈನಿಕರನ್ನು ಹೊರಗೆ ಕಳಿಸುತ್ತೇನೆಂದು ಪ್ರಚಾರ ಮಾಡಿ ಮೊಹಮ್ಮದ್ ಮುಯಿಜ್ಜು ಅಧ್ಯಕ್ಷರಾದರು. ಅಲ್ಲಿದ್ದ ಸೈನಿಕರ ಕೆಲಸ ಭಾರತ ಕೊಟ್ಟಿದ್ದ, ಎಚ್‌ಎಎಲ್ ಕಟ್ಟಿದ ಎರಡು ಧ್ರುವ್ ಹೆಲಿಕಾಪ್ಟರ್‌ಗಳನ್ನೂ ಒಂದು ಡಾರ್ನಿಯರ್ ವಿಮಾನವನ್ನೂ ನಡೆಸುವುದು. ದೂರದ ದ್ವೀಪಗಳ ರೋಗಿಗಳು ಮಾಲೆಯ ಆಸ್ಪತ್ರೆ ಸೇರುತ್ತಿದ್ದದ್ದು ಇವುಗಳಲ್ಲಿ. 2024ರ ಮೇ 10ರೊಳಗೆ ಸೈನಿಕರೆಲ್ಲ ಹೊರಟರು. ಅವರ ಜಾಗಕ್ಕೆ ಭಾರತ ಎಚ್‌ಎಎಲ್‌ನ ನಾಗರಿಕ ನೌಕರರನ್ನು ಕಳಿಸಿತು.